ಯಾರ ಕೈಯಲ್ಲಿ ಕಲಿತದ್ದು

ಹಿರಿಯೂರು ಬಸ್ ನಿಲ್ದಾಣ

ವೇಲ್ಸ್ ಎಂಬ ನಾಡಿಗೆ ನಾನು ಹೋಗಿ ಬಂದದ್ದು ಒಬ್ಬ ಕುರಿಗಾರನ ಬಾಲ ಹಿಡಿದುಕೊಂಡು. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಚಿತ್ರದುರ್ಗದಲ್ಲಿ ಮೂವತ್ತು ವರ್ಷ ತತ್ವಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನನ್ನನ್ನು ಹೊರದೇಶಕ್ಕೆ ಯಾರು ಕರೆಯುತ್ತಾರೆ? ಕರೆ ಬಂದದ್ದು ಮಾಡದಕೆರೆಯ ಕೆಂಚಣ್ಣನಿಗೆ. ಅಲ್ಲಿನ ಬೆಟ್ಟದ ಸೀಮೆಯ ಕುರಿಗಾರರದೊಂದು ಸಣ್ಣ ಸಂಘವಿದೆ. ಕೃತಕ ಬುದ್ಧಿಮತ್ತೆ ಕುರಿ ಕಾಯುವ ಕೆಲಸಕ್ಕೂ ಬಂದುಬಿಟ್ಟಿದೆ, ಅದರ ಬಗ್ಗೆ ನಾವು ನಂಬಿಕೊಂಡಿರುವ ಕಥೆಗಳಲ್ಲಿ ನಿಜವೆಷ್ಟು ಸುಳ್ಳೆಷ್ಟು ಎಂದು ಕೂತು ಮಾತಾಡೋಣ ಎಂದು ಅವರು ಒಂದು ಕೂಟ ಇಟ್ಟುಕೊಂಡಿದ್ದರು. ಯಂತ್ರದ ಸಹವಾಸವಿಲ್ಲದೆ ಕುರಿ ಕಾಯುವವರೊಬ್ಬರು ಬೇಕು, ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸುವವರೊಬ್ಬರು ಬೇಕು ಎಂದು ಬರೆದಿದ್ದರು. ಕೆಂಚಣ್ಣನ ಊರಿನ ಶಾಲೆಯ ಮುಖ್ಯೋಪಾಧ್ಯಾಯರು ನನ್ನ ಹೆಸರು ಸೂಚಿಸಿದರು. ಅವರ ಉಪಕಾರ ದೊಡ್ಡದು.

ನನ್ನ ಬಳಿ ಒಂದು ಭಾಷಣವೂ ಸಿದ್ಧವಿತ್ತು. ದುರ್ಗದಲ್ಲಿ, ಹೊಳಲ್ಕೆರೆಯಲ್ಲಿ ಅದನ್ನು ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಎಐಗೆ ಎಲ್ಲವೂ ಗೊತ್ತು ಎನ್ನುವವರು ಅದನ್ನು ದೇವರು ಮಾಡಿದ್ದಾರೆ, ಅದು ನಮ್ಮನ್ನು ನುಂಗುತ್ತದೆ ಎನ್ನುವವರು ರಾಕ್ಷಸ ಮಾಡಿದ್ದಾರೆ. ಎರಡೂ ಕಟ್ಟುಕಥೆ, ಯಂತ್ರ ಬರೀ ಎಣಿಸುತ್ತದೆ, ಮನುಷ್ಯ ಮಾತ್ರ ಅರಿಯುತ್ತಾನೆ ಎಂಬುದು ಅದರ ಸಾರ. ಕೊನೆಯ ವಾಕ್ಯವನ್ನು ಸ್ವಲ್ಪ ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದೆ.

ವಿಮಾನ ಹಿಡಿಯಲು ಹತ್ತಿದ ಬಸ್ಸು ದುರ್ಗ ಬಿಟ್ಟ ಸ್ವಲ್ಪ ಹೊತ್ತಿಗೆ ಟಿಕೆಟ್ ಕೊಡಲು ಬಂದ ಕಂಡಕ್ಟರ್ ನನ್ನ ಮುಖ ನೋಡಿ ನಿಂತ.

"ನಮಸ್ಕಾರ ಸಾ. ನಾನು ನಿಮ್ಮ ಸ್ಟೂಡೆಂಟು. ನಲವತ್ತೆರಡು" ಎಂದ.

"ಹೌದಲ್ಲ, ನಲವತ್ತೆರಡು, ಕಿಟಕಿ ಪಕ್ಕ" ಎಂದೆ. ಅವನ ಮುಖ ಅರಳಿತು. ನಾನು ಹಾಜರಿ ಕರೆಯುತ್ತಿದ್ದದ್ದು ನಂಬರಿನಿಂದ. ನಮ್ಮ ಕಡೆ ಒಂದು ತರಗತಿಯಲ್ಲಿ ಆರು ಜನ ತಿಪ್ಪೇಸ್ವಾಮಿ, ನಾಲ್ಕು ಜನ ಓಬಣ್ಣ ಇರುತ್ತಾರೆ. ಹೆಸರು ಹಿಡಿದು ಕೂತರೆ ಪಾಠ ಮಾಡುವುದು ಯಾವಾಗ? ಇಷ್ಟು ವರ್ಷದ ಮೇಲೂ ನಂಬರು ನೆನಪಿದೆಯಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹಿರಿಯೂರಿನಲ್ಲಿ ಕೆಂಚಣ್ಣ ಹತ್ತಿದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹುರಿಹಿಟ್ಟಿನ ಚೀಲ. ನನಗಿಂತ ಐದಾರು ವರ್ಷಕ್ಕೆ ದೊಡ್ಡವನು, ಮಾತು ಕಡಿಮೆ.

"ಹಾಲುರಾಮೇಶ್ವರಕ್ಕೆ ಹೋಗಿ ಕೇಳ್ಕಂಡು ಬಂದೆ ಮೇಷ್ಟ್ರೇ. ಬಾಳೆಹಣ್ಣು ಬಂತು" ಎಂದ.

ಹಾಲುರಾಮೇಶ್ವರದ ಕೊಳದ ಮುಂದೆ ಕೂತು ಮನಸ್ಸಿನಲ್ಲಿದ್ದದ್ದನ್ನು ಕೇಳಿಕೊಂಡರೆ ನೀರಿನೊಳಗಿಂದ ಏನಾದರೊಂದು ತೇಲಿ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಸುಮ್ಮನಿರಲಾರದೆ, "ಬಾಳೆಹಣ್ಣು ಬಂದರೆ ವೇಲ್ಸಿಗೆ ಹೋಗಬಹುದು ಅಂತ ಯಾರು ಹೇಳಿದರು ಕೆಂಚಣ್ಣ?" ಎಂದು ಕೆಣಕಿದೆ.

"ಯಾರು ಹೇಳ್ತಾರೆ? ಗಂಗಮ್ಮ ಕೊಡಾದು ಕೊಡ್ತಾಳೆ. ಅರ್ಥ ಮಾಡ್ಕಳಾದು ನಮ್ ಕೆಲ್ಸ" ಎಂದು ಕಿಟಕಿ ಕಡೆ ತಿರುಗಿದ.

ಪಾಸ್‌ಪೋರ್ಟ್ ಕಿಟಕಿ

ವಿಮಾನದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಕೆಂಚಣ್ಣ ಕಂಬಳಿ ಹೊದ್ದು ನಿದ್ದೆ ಹೋದ, ನಾನು ಭಾಷಣ ತಿದ್ದಿದೆ. ಪೇಚಿಗೆ ಸಿಕ್ಕಿದ್ದು ಇಳಿದ ಮೇಲೆ. ಪಾಸ್‌ಪೋರ್ಟ್ ನೋಡುವ ಕಿಟಕಿಯ ಹಿಂದೆ ಕೂತಿದ್ದ ಹೆಂಗಸು ಕೆಂಚಣ್ಣನ ಉದ್ಯೋಗ ಕೇಳಿದಳು. ಕುರಿ ಸಾಕಣೆ ಎಂದೆ. ಎಷ್ಟು ಕುರಿಗಳಿವೆ ಎಂದು ಕೇಳಿದಳು. ನಾನು ಕನ್ನಡಕ್ಕೆ ತಿರುಗಿಸಿದೆ.

"ಅದನ್ನ ಹೇಳಬಾರದು" ಎಂದ ಕೆಂಚಣ್ಣ.

"ಹೇಳಣ್ಣ, ಸರ್ಕಾರದವರು ಕೇಳ್ತಿದ್ದಾರೆ."

"ಯಾರಾನ ಕೇಳಲಿ. ಕುರಿ ಎಣಿಸಬಾರದು. ಎಣಿಸಿದ್ರೆ ಏಳ್ಗೆ ಇಲ್ಲ. ನಾನೇ ಎಣಿಸಿಲ್ಲ, ಇನ್ನ ಹೇಳಾದೆಲ್ಲಿಂದ?"

ನಮ್ಮ ಹಿಂದೆ ಉದ್ದದ ಸಾಲು. ಒಂದು ಸಂಖ್ಯೆಯನ್ನು ನಾನೇ ಹುಟ್ಟಿಸಿ ಹೇಳಿಬಿಡಲೇ ಎನಿಸಿತು. ಆದರೆ ಆ ಮುದುಕ ನನ್ನ ಬಾಯನ್ನೇ ನೋಡುತ್ತಿದ್ದ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಹೆಂಗಸು ಪೆನ್ನು ಕೆಳಗಿಟ್ಟಳು. ಎಣಿಸದಿದ್ದರೆ ಒಂದು ಕಳೆದುಹೋದದ್ದು ಇವರಿಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದಳು.

ಕೆಂಚಣ್ಣ ಅವಳತ್ತಲೇ ತಿರುಗಿ ಕನ್ನಡದಲ್ಲಿ ಹೇಳಿದ. "ನಿಮ್ಮನ್ಯಾಗೆ ಊಟಕ್ಕೆ ಕುಂತಾಗ ಮಗಳು ಬಂದಿಲ್ಲ ಅನ್ನಾದನ್ನ ಎಣಿಸಿ ತಿಳ್ಕಂತೀರೇನು ತಾಯಿ?"

ನಾನು ತಿರುಗಿಸಿ ಹೇಳಿದೆ. ಅವಳು ತನಗೆ ಮೂವರು ಹೆಣ್ಣುಮಕ್ಕಳು ಎಂದು ಹೇಳಿ ಮುದ್ರೆ ಒತ್ತಿದಳು. ಆ ತಾಯಿ ಮನಸ್ಸು ಮಾಡಿದ್ದರೆ ನಮ್ಮನ್ನು ಅಲ್ಲೇ ಅರ್ಧ ದಿನ ಕೂರಿಸಬಹುದಿತ್ತು. ಅವಳಿಗೆ ಒಳ್ಳೆಯದಾಗಲಿ.

ಮೊದಲ ದಿನ: ಎಲೆನ್ ಮನೆ

ನಾವು ಉಳಿದುಕೊಂಡದ್ದು ಎಲೆನ್ ಎಂಬಾಕೆಯ ಮನೆಯಲ್ಲಿ. ಎಪ್ಪತ್ತರ ಆಸುಪಾಸು. ಬೆಟ್ಟದ ಬುಡದಲ್ಲಿ ಕಲ್ಲಿನ ಮನೆ, ಸುತ್ತ ಕಣ್ಣು ಹೋದಷ್ಟು ದೂರ ಹಸಿರು. ಕೆಂಚಣ್ಣ ಬಗ್ಗಿ ಹುಲ್ಲು ಕಿತ್ತು ಮೂಸಿ, "ಇಷ್ಟು ಹುಲ್ಲು ಕಂಡ್ರೆ ನಮ್ ಕುರಿ ಹೆದ್ರಿಕಂತಾವೆ ಮೇಷ್ಟ್ರೇ" ಎಂದ. ಅಲ್ಲಿನವರು ಮಳೆ ಬಂದರೆ ಪರಸ್ಪರ ಕ್ಷಮೆ ಕೇಳುತ್ತಾರೆ. ಎಲೆನ್ ಬಾಗಿಲು ತೆರೆದವಳೇ ಮಳೆಗಾಗಿ ನಮ್ಮ ಕ್ಷಮೆ ಕೇಳಿದಳು. ನಮ್ಮ ಸೀಮೆಯಲ್ಲಿ ಮಳೆ ಹೊತ್ತು ಬಂದ ನೆಂಟರ ಕಾಲ್ಗುಣವನ್ನು ವರ್ಷಗಟ್ಟಲೆ ಹೊಗಳುತ್ತಾರೆ ಎಂದು ನಾನು ಹೇಳಿದಾಗ ಆಕೆ ನಂಬಲಿಲ್ಲ.

ಅಂಗಳ ದಾಟುವಷ್ಟರಲ್ಲಿ ನನ್ನ ಹೊಸ ಬೂಟು ಕೆಸರಿನಲ್ಲಿ ಹೂತು, ಕಾಲು ಬಂತು, ಬೂಟು ಬರಲಿಲ್ಲ. ಎಲೆನ್ ಒಳಗಿಂದ ಮೊಣಕಾಲುದ್ದದ ರಬ್ಬರ್ ಬೂಟು ತಂದು ಕೊಟ್ಟಳು. ಗಂಡ ಓವೆನ್‌ನದು. ಕಳೆದ ಚಳಿಗಾಲದಲ್ಲಿ ತೀರಿಕೊಂಡನಂತೆ. ನನ್ನ ಕಾಲಿಗೆ ದೊಡ್ಡದಾಗಿದ್ದ ಆ ಬೂಟನ್ನೇ ಮೂರು ದಿನವೂ ಎಳೆದುಕೊಂಡು ಓಡಾಡಿದೆ.

ಸಂಜೆ ಚಹಾ ಕುಡಿಯುವಾಗ ಆಕೆ ವಿಷಯ ಹೇಳಿದಳು. ನಾವು ಹೊರಡುವ ದಿನವೇ ಕುರಿ ಕೊಳ್ಳುವವನ ಲಾರಿ ಬರುತ್ತದೆ. ಓವೆನ್‌ನ ಅಜ್ಜನ ಕಾಲದಿಂದ ಬಂದ ಹಿಂಡು ಅದು. ಮಾರಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಧೈರ್ಯವಿಲ್ಲ. ಕುರಿಗಳ ಗುರುತಿದ್ದದ್ದು ಓವೆನ್‌ಗೆ. ಆಕೆ ಊರಿನ ಶಾಲೆಯಲ್ಲಿ ಕೆಲಸ ಮಾಡಿಕೊಂಡಿದ್ದವಳು, ಆಕೆಗೆ ಎಲ್ಲ ಕುರಿಯೂ ಒಂದೇ. ಈಗ ಕುರಿಗಳು ದಾಟುವ ಬಾಗಿಲಲ್ಲಿ ಒಂದು ಯಂತ್ರವಿದೆ, ಅದು ಮುಖ ನೋಡಿ ಹೆಸರು ಹೇಳುತ್ತದೆ.

"ಆದರೆ ಅದನ್ನೂ ನಂಬುವ ಹಾಗಿಲ್ಲ. ನಾಳೆ ನೀವೇ ನೋಡುತ್ತೀರಿ. ನನಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ ಅಂದ ಮೇಲೆ ಹಿಂಡು ಯಾಕೆ ಇಟ್ಟುಕೊಳ್ಳಲಿ?" ಎಂದಳು.

ಕೆಂಚಣ್ಣನಿಗೆ ತಿರುಗಿಸಿ ಹೇಳಿದೆ. ಅವನು ಆಕೆಯನ್ನು ಬಂದ ಗಳಿಗೆಯಿಂದ ಎಲ್ಲಮ್ಮ ಎಂದೇ ಕರೆಯುತ್ತಿದ್ದ. "ಎಲ್ಲಮ್ಮಂಗೆ ಹೇಳ್ರಿ, ನಾಳೆ ಕುರಿ ನೋಡಿ ಮಾತಾಡಾಣ ಅಂತ" ಎಂದ.

ಎರಡನೇ ದಿನ: ಬೆಟ್ಟದ ಬಾಗಿಲು

ಸಂಜೆಗೆ ಮುಂಚೆ ಕುರಿಗಳನ್ನು ಬೆಟ್ಟದಿಂದ ಕೆಳಗಿನ ಹೊಲಕ್ಕೆ ಇಳಿಸುತ್ತಾರೆ. ನಡುವೆ ಕಲ್ಲಿನ ಗೋಡೆ, ಗೋಡೆಗೊಂದು ಕಿರಿದಾದ ಮರದ ಬಾಗಿಲು, ಅದರ ಮೇಲೆ ಕ್ಯಾಮರಾ. ಪಕ್ಕದಲ್ಲಿ ಓವೆನ್ ಕೂರುತ್ತಿದ್ದ ಮೂರು ಕಾಲಿನ ಮಣೆ. ಎಲೆನ್ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ನಿಂತಿದ್ದಳು. ಒಂದೊಂದೇ ಕುರಿ ದಾಟಿದ ಹಾಗೆ ಅದರ ಮೇಲೆ ಹೆಸರು ಮೂಡುತ್ತಿತ್ತು. ಕೆಂಚಣ್ಣ ಕುರಿ ಕೂಡುವ ರೊಪ್ಪದ ಬಾಗಿಲಲ್ಲೂ ಹೀಗೇ ಒಂದೊಂದಾಗಿ ಒಳಗೆ ಬಿಡುವುದು. ಅಲ್ಲಿ ಹೆಸರು ಹೇಳುವುದು ಕೆಂಚಣ್ಣ, ಅಷ್ಟೇ ವ್ಯತ್ಯಾಸ.

"ಇಗೋ ನೋಡಿ" ಎಂದಳು ಎಲೆನ್. ತೆರೆಯ ಮೇಲೆ ಬೆಟ್ಸಿ ಎಂದು ಬಂದಿತ್ತು. "ಬೆಟ್ಸಿ ಸತ್ತು ಎರಡು ಚಳಿಗಾಲ ಕಳೆಯಿತು. ಗುಂಡಿ ತೋಡಿದವಳು ನಾನೇ. ಇದು ದಿನಾ ಸಂಜೆ ಬೆಟ್ಸಿ ಬಂದಳು ಅನ್ನುತ್ತದೆ."

ನನಗೆ ಒಳಗೊಳಗೇ ಖುಷಿಯಾಯಿತು ಎನ್ನಲು ನಾಚಿಕೆಯಾಗುತ್ತದೆ. ಸತ್ತದ್ದಕ್ಕೂ ಬದುಕಿದ್ದಕ್ಕೂ ವ್ಯತ್ಯಾಸ ತಿಳಿಯದ ಯಂತ್ರ! ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಅಲ್ಲೇ ನಿಂತು ಎಲೆನ್‌ಗೆ ಅರ್ಧ ಭಾಷಣ ಮಾಡಿಯೂ ಬಿಟ್ಟೆ. ಆಕೆ ಹೌದೆಂಬಂತೆ ತಲೆ ಆಡಿಸಿದಳು. ನನ್ನ ಮಾತು ಆಕೆಯ ಹಿಂಡನ್ನು ಲಾರಿಯ ಕಡೆಗೆ ಇನ್ನೊಂದು ಹೆಜ್ಜೆ ನೂಕುತ್ತಿದೆ ಎಂದು ನನಗೆ ಹೊಳೆಯಲಿಲ್ಲ.

ಕೆಂಚಣ್ಣ ಅಷ್ಟರಲ್ಲಿ ಆ ಕುರಿಯನ್ನು ಹಿಡಿದು, ತುಟಿ ಬಿಡಿಸಿ ಹಲ್ಲು ನೋಡುತ್ತಿದ್ದ. "ಆರು ಹಲ್ಲಿನ ಕುರಿ. ಇನ್ನೂ ಹರೇದ್ದು" ಎಂದು ಎದ್ದ. ಆಮೇಲೆ ಒಂದು ಪ್ರಶ್ನೆ ಕೇಳಿದ.

"ಈ ಯಂತ್ರ ಯಾರ ಕೈಯಾಗೆ ಕಲ್ತಿದ್ದು?"

ನಾನು ತಿರುಗಿಸಲಿಲ್ಲ. ಯಂತ್ರ ತಾನಾಗಿ ಕಲಿಯುತ್ತದೆ ಕೆಂಚಣ್ಣ, ಎಐ ಅಂದರೆ ಅದೇ ಎಂದು ತಿಳಿಹೇಳಲು ಹೊರಟೆ.

"ತಾನಾಗಿ ಕಲಿತಾವು ಯಾವೂ ಇಲ್ಲ ಮೇಷ್ಟ್ರೇ. ನಮ್ಮಲ್ಲಿ ಕುರಿ ಕಾಯಾಕೆ ಹೊಸಬ್ರು ಬಂದ್ರೆ ಮೊದಲು ಕೇಳಾದು ಇದೊಂದೇ ಮಾತು. ಯಾರ ಕೈಯಾಗೆ ಕಲ್ತೆ? ಅದು ಗೊತ್ತಾದ್ರೆ ಅವ್ರು ಎಲ್ಲಿ ತಪ್ತಾರೆ, ಎಲ್ಲಿ ತಪ್ಪಲ್ಲ ಅನ್ನಾದು ಗೊತ್ತಾಗ್ತೈತೆ. ನೀವು ಕೇಳ್ರಿ."

ಕೇಳಿದೆ. ಎಲೆನ್ ಆ ಮಣೆಯನ್ನು ನೋಡಿದಳು. "ಓವೆನ್" ಎಂದಳು. ಕಾಯಿಲೆ ಬಿದ್ದ ಮೇಲೆ ಬೆಟ್ಟ ಹತ್ತಲಾರದೆ ಒಂದಿಡೀ ಶರತ್ಕಾಲ ಇಲ್ಲಿ ಕೂತು, ದಾಟುವ ಪ್ರತಿ ಕುರಿಯ ಚಿತ್ರ ಬಂದಾಗಲೂ ಅದರ ಹೆಸರನ್ನು ಅವನೇ ಬೆರಳಿನಿಂದ ಒತ್ತಿ ಒತ್ತಿ ಯಂತ್ರಕ್ಕೆ ಹೇಳಿಕೊಟ್ಟನಂತೆ.

"ಇದು ಬೆಟ್ಸಿ ಮಗಳಾ?"

"ಹೌದು. ಹುಟ್ಟಿದ ದಿನ ನಾನೂ ಇದ್ದೆ, ಇದೊಂದರ ಗುರುತು ನನಗಿದೆ" ಎಂದಳು ಎಲೆನ್.

"ಹಂಗಾದ್ರೆ ಯಂತ್ರ ತಪ್ಪಿಲ್ಲ" ಎಂದ ಕೆಂಚಣ್ಣ. "ನಮ್ಮನೇಲಿ ಕೆಂದಿ ಅಂತ ಒಂದು ಕುರಿ ಐತೆ. ನಮ್ಮಪ್ಪನ ಕಾಲದಾಗೂ ಕೆಂದಿ ಇತ್ತು. ತಾಯಿ ಸತ್ರೆ ಹೆಸರು ಮಗಳಿಗೆ ಬರ್ತೈತೆ. ಹೆಸರು ಸತ್ರೆ ಹಿಂಡು ನೀರಿನ ದಾರಿ ಮರೀತೈತೆ ಅಂತಾರೆ ನಮ್ ಹಿರೇರು. ಈ ಯಪ್ಪನೂ ಅದನ್ನೇ ಮಾಡೌನೆ."

ನಾನು ತಿರುಗಿಸಿದೆ. ಆದರೂ ನನ್ನೊಳಗಿನ ಮೇಷ್ಟರು ಬಿಡಲಿಲ್ಲ. ತಾಯಿ ಮಗಳ ಮುಖ ಒಂದೇ ಥರ ಇದ್ದು ಯಂತ್ರವೇ ಮೋಸ ಹೋಗಿರಬಹುದಲ್ಲ ಎಂದೆ. ಎಲೆನ್ ಟ್ಯಾಬ್ಲೆಟ್‌ನಲ್ಲಿ ಬೆಟ್ಸಿಯ ಹೆಸರಿನಡಿ ಓವೆನ್ ಉಳಿಸಿದ್ದ ಚಿತ್ರಗಳನ್ನು ತೆರೆದಳು. ಹಳೆಯ ಬೆಟ್ಸಿ ಬದುಕಿದ್ದಾಗ ತೆಗೆದಿದ್ದ ಫೋಟೊದಲ್ಲಿ ಮುಖದ ಮೇಲೆ ಅಗಲವಾದ ಬಿಳಿ ಪಟ್ಟೆ. ಮಗಳ ಮುಖ ಪೂರಾ ಕಪ್ಪು. ಯಾವ ಕಣ್ಣೂ ಇವೆರಡನ್ನು ಒಂದೆನ್ನಲು ಸಾಧ್ಯವಿರಲಿಲ್ಲ. ಆಕೆ ಇನ್ನೊಂದು ಹೆಸರು ತೆರೆದಳು, ಮತ್ತೊಂದು. ಪ್ರತಿ ಚಿತ್ರದ ಕೆಳಗೆ ತಾಯಿ ಯಾವುದು, ಸತ್ತದ್ದು ಯಾವಾಗ ಎಂದು ಓವೆನ್ ಬರೆದಿದ್ದ. ತಾಯಿ ಸತ್ತ ಕಡೆಯಲ್ಲೆಲ್ಲ ಮಗಳಿಗೆ ತಾಯಿಯ ಹೆಸರು. ತಾಯಿ ಇನ್ನೂ ಬದುಕಿದ್ದ ಕಡೆ ಮಗಳಿಗೆ ಬೇರೆ ಹೆಸರು. ಒಂದರಲ್ಲೂ ಕ್ರಮ ತಪ್ಪಿರಲಿಲ್ಲ.

ಎಲೆನ್ ಮಣೆಯ ಮೇಲೆ ಕೂತಳು.

"ಆ ದಿನಗಳಲ್ಲಿ ಅವನು ಈ ಮರಿಕುರಿಯನ್ನು ಬೆಟ್ಸಿ ಅಂತ ಕರೆಯುತ್ತಿದ್ದ. ಬೆಟ್ಸಿ ಸತ್ತಿದೆ ಓವೆನ್ ಅಂತ ನಾನು ತಿದ್ದುತ್ತಿದ್ದೆ. ಅವನು ನಕ್ಕು ಸುಮ್ಮನಾಗುತ್ತಿದ್ದ. ಕಾಯಿಲೆ ತಲೆಗೆ ಹತ್ತಿದೆ, ಬುದ್ಧಿ ಹೋಗುತ್ತಿದೆ ಅಂದುಕೊಂಡೆ. ನೋಡಲಾರದೆ ಕುರಿಗಳ ಮಾತನ್ನೇ ಅವನ ಮುಂದೆ ಎತ್ತದ ಹಾಗೆ ಮಾಡಿದೆ. ಕೊನೆಯ ತಿಂಗಳು ನಾವಿಬ್ಬರೂ ಬರೀ ಹವೆಯ ಬಗ್ಗೆ ಮಾತಾಡಿದೆವು."

ಇದನ್ನು ಕೆಂಚಣ್ಣನಿಗೆ ತಿರುಗಿಸಿ ಹೇಳಿದೆ. ಅವನು ಹೆಗಲ ಕಂಬಳಿ ತೆಗೆದು ಆಕೆಯ ಬೆನ್ನಿಗೆ ಹೊದಿಸಿದ. "ಬುದ್ಧಿ ಎಲ್ಲೂ ಹೋಗಿಲ್ಲ ಎಲ್ಲಮ್ಮ. ಇಲ್ಲೇ ಐತೆ. ನಿಮಗೆ ಬೇಕಾಗ್ತೈತೆ ಅಂತ ಇಟ್ಟು ಹೋಗೌನೆ" ಎಂದ. ಅದನ್ನು ತಿರುಗಿಸಿ ಹೇಳುವ ಅಗತ್ಯ ಬೀಳಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಬಿತ್ತು. ಎರಡು ಸಲ ಹೇಳಬೇಕಾಯಿತು, ಮೊದಲ ಸಲ ನಾನೂ ಕನ್ನಡದಲ್ಲೇ ಹೇಳಿದ್ದೆ.

ಮೂರನೇ ದಿನ: ಊರಿನ ಸಭಾಂಗಣ

ಮರುದಿನ ಮಧ್ಯಾಹ್ನ ಊರಿನ ಸಭಾಂಗಣದಲ್ಲಿ ಇಪ್ಪತ್ತು ಮೂವತ್ತು ಜನ ಕುರಿಗಾರರು ಸೇರಿದ್ದರು. ಅವರ ಜೊತೆ ಅವರ ನಾಯಿಗಳೂ ಬಂದು ಬೆಂಚಿನ ಕೆಳಗೆ ಮಲಗಿದ್ದವು. ನಮ್ಮಲ್ಲಿ ಭಾಷಣಕ್ಕೆ ನಾಯಿ ನುಗ್ಗಿದರೆ ಓಡಿಸುತ್ತಾರೆ. ಅಲ್ಲಿ ಅವುಗಳಿಗೆ ನೀರಿಟ್ಟಿದ್ದರು. ನನ್ನ ಭಾಷಣದ ಹಾಳೆಗಳು ಕೋಟಿನ ಜೇಬಿನಲ್ಲೇ ಇದ್ದವು, ತೆಗೆಯಲಿಲ್ಲ. ಬಾಗಿಲಲ್ಲಿ ನಡೆದದ್ದನ್ನು ಎಲೆನ್‌ಳ ಒಪ್ಪಿಗೆ ಪಡೆದು ಹೇಳಿದೆ. ಯಂತ್ರ ದೇವರು, ಯಂತ್ರ ರಾಕ್ಷಸ ಎಂಬ ಎರಡು ಕಥೆಗಳನ್ನು ಮುರಿಯಲು ಬಂದ ನಾನು ಮೂರನೆಯದೊಂದನ್ನು ತಲೆಯಲ್ಲಿಟ್ಟುಕೊಂಡು ಬಂದಿದ್ದೆ ಎಂದೆ. ಯಂತ್ರದ ಹಿಂದೆ ಯಾರೂ ಇಲ್ಲ, ಅದು ತಾನೇ ತಾನಾಗಿದೆ ಎಂಬುದೇ ಆ ಮೂರನೆಯ ಕಥೆ. ಉಳಿದೆರಡಕ್ಕೂ ಅದೇ ಬೇರು ಎಂದು ಈಗ ನನಗನಿಸುತ್ತದೆ. ಹೇಳಿಕೊಟ್ಟ ಕೈಯನ್ನು ಮರೆತಾಗಲೇ ಅದಕ್ಕೆ ಕೈ ಮುಗಿಯುವುದೋ ಹೆದರುವುದೋ ಶುರುವಾಗುವುದು.

ಹಿಂದಿನ ಸಾಲಿನಿಂದ ಒಬ್ಬ ಗಡ್ಡದವನು ಎದ್ದು ಕೆಂಚಣ್ಣನನ್ನೇ ಕೇಳಿದ. ಹಾಗಾದರೆ ಯಂತ್ರಕ್ಕೆ ಕುರಿ ಗೊತ್ತು ಎನ್ನುತ್ತೀರಾ?

"ಅದಕ್ಕೆ ಗೊತ್ತೋ ಇಲ್ವೋ ನಾ ಕಾಣೆ" ಎಂದ ಕೆಂಚಣ್ಣ. "ಹೇಳಿಕೊಟ್ಟೋರಿಗೆ ಗೊತ್ತಿತ್ತು. ನಮ್ಮೂರ ಕಡೆ ಒಂದು ಕೊಳ ಐತೆ. ಕೇಳಿದ್ರೆ ಏನಾನ ಬರ್ತೈತೆ. ಬಂದಿದ್ದನ್ನ ಹಿಡ್ಕಂಡು ಕುಂತು ಯೋಚನೆ ಮಾಡೋರು ನಾವೇ. ಆ ಕೆಲ್ಸ ಕೊಳ ಮಾಡಲ್ಲ."

"ಕೆಟ್ಟವರ ಕೈಯಲ್ಲಿ ಕಲಿತಿದ್ದರೆ?"

"ಅದಕ್ಕೇ ಮತ್ತೆ ಕೇಳಬೇಕು, ಯಾರ ಕೈಯಾಗೆ ಕಲ್ತಿದ್ದು ಅಂತ. ಒಳ್ಳೇ ಕುರಿಗಾರ್ರು ಕಲಿಸಿದ್ರೆ ಅವ್ರ ಒಳ್ಳೇತನ ಬರ್ತೈತೆ. ಕಳ್ಳರು ಕಲಿಸಿದ್ರೆ ಕಳ್ಳತನ ಬರ್ತೈತೆ. ಕೇಳದೇ ಒಳಗೆ ಬಿಟ್ಕಂಡ್ರೆ ತಪ್ಪು ನಮ್ದು."

ಗಡ್ಡದವನು ಟೋಪಿ ತೆಗೆದು ಕೂತ. ಮೂವತ್ತು ವರ್ಷದಲ್ಲಿ ನನ್ನ ಯಾವ ಪಾಠಕ್ಕೂ ಯಾರೂ ಟೋಪಿ ತೆಗೆದಿರಲಿಲ್ಲ, ಆದರೂ ಕೆಂಚಣ್ಣನ ಮೇಲೆ ಹೊಟ್ಟೆ ಉರಿಯಲಿಲ್ಲ.

ಹೊರಡುವ ದಿನ

ಬೆಳಿಗ್ಗೆ ಲಾರಿ ಬಂತು. ಎಲೆನ್ ಚಾಲಕನನ್ನು ಒಳಗೆ ಕರೆದು, ಮಳೆಗಾಗಿ ಕ್ಷಮೆ ಕೇಳಿ, ಚಹಾ ಕೊಟ್ಟು, ಕುರಿ ಮಾರುವುದಿಲ್ಲ ಎಂದಳು. ಅವನು ಚಹಾ ಮುಗಿಸಿ ಖಾಲಿ ಲಾರಿ ತಿರುಗಿಸಿಕೊಂಡು ಹೋದ.

ಆಮೇಲೆ ಆಕೆ ನಮ್ಮನ್ನು ಬೆಟ್ಟದ ಬಾಗಿಲ ಹತ್ತಿರ ಕರೆದುಕೊಂಡು ಹೋದಳು. ಟ್ಯಾಬ್ಲೆಟನ್ನು ನನ್ನ ಕೈಗೆ ಕೊಟ್ಟು, ನೀವು ನೋಡುತ್ತಿರಿ, ನಾನು ಹೇಳುತ್ತೇನೆ ಎಂದಳು. ಕುರಿಗಳು ದಾಟತೊಡಗಿದವು. ಆಕೆ ಒಂದೊಂದಕ್ಕೂ ಹೆಸರು ಹೇಳಿದಳು. ಹತ್ತರಲ್ಲಿ ಏಳು ತಪ್ಪು. ತಪ್ಪಿದಾಗಲೆಲ್ಲ ನಾನು ತೆರೆಯಲ್ಲಿದ್ದದ್ದನ್ನು ಓದುತ್ತಿದ್ದೆ, ಆಕೆ ಮತ್ತೊಮ್ಮೆ ಆ ಮುಖ ನೋಡಿ ಹೆಸರು ಹೇಳುತ್ತಿದ್ದಳು. ಗಂಡ ಯಂತ್ರಕ್ಕೆ ಕಲಿಸಿದ್ದನ್ನು ಹೆಂಡತಿ ಯಂತ್ರದಿಂದ ಕಲಿಯುತ್ತಿದ್ದಳು. ಪೂರಾ ಕಪ್ಪು ಮುಖದ್ದೊಂದು ಬಂದಾಗ ಮಾತ್ರ ನನ್ನ ಕಡೆ ತಿರುಗಲೂ ಇಲ್ಲ. "ಬಾ ಬೆಟ್ಸಿ" ಎಂದಳು. ಕುರಿ ನಿಂತು ಆಕೆಯನ್ನು ನೋಡಿ ಹೋಯಿತು. ಕೆಂಚಣ್ಣ ತನ್ನ ಕಂಬಳಿಯನ್ನು ಅಲ್ಲೇ ಬಿಟ್ಟು ಬಂದ.

ಹೊಳಲ್ಕೆರೆ ದಾರಿ

ತಿಂಗಳಾದ ಮೇಲೆ ಎಲೆನ್ ಕಳಿಸಿದ್ದ ಒಂದು ಫೋಟೊ ಹಿಡಿದುಕೊಂಡು ಕೆಂಚಣ್ಣನಿಗೆ ತೋರಿಸಲು ಮಾಡದಕೆರೆಗೆ ಹೊರಟೆ. ಮಣೆಯ ಮೇಲೆ ಆಕೆ ಕೂತಿದ್ದಾಳೆ, ಮೈಮೇಲೆ ನಮ್ಮ ಕಡೆಯ ಕರಿ ಕಂಬಳಿ. ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಹೋಗುವ ಬಸ್ಸು. ಟಿಕೆಟ್ ಕೊಡಲು ಬಂದವನು ಅವತ್ತಿನ ಕಂಡಕ್ಟರೇ. ಡ್ಯೂಟಿ ಬದಲಾಗಿತ್ತು.

"ನಮಸ್ಕಾರ ಸಾ. ನಲವತ್ತೆರಡು" ಎಂದ, ನನಗೆ ಮರೆತಿರಬಹುದೆಂದು.

ಅವನ ಮುಖವನ್ನು ಸರಿಯಾಗಿ ನೋಡಿದೆ. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತಿತ್ತು. ಮೂರು ವರ್ಷ ನನ್ನ ಎದುರಿಗೆ ಕೂತವನು. ಅವನು ಕಿಟಕಿ ಪಕ್ಕ ಕೂರುತ್ತಿದ್ದನೋ ಇಲ್ಲವೋ ನನಗೆ ನಿಜವಾಗಿ ಗೊತ್ತಿರಲಿಲ್ಲ, ಅವತ್ತು ಸುಮ್ಮನೆ ಬಾಯಿಗೆ ಬಂದದ್ದು ಹೇಳಿದ್ದೆ. ಮನುಷ್ಯ ಅರಿಯುತ್ತಾನೆ, ಯಂತ್ರ ಎಣಿಸುತ್ತದೆ ಎಂದು ಊರೂರು ತಿರುಗಿ ಹೇಳಿದವನು ನಾನು.

"ನಿನ್ನ ಹೆಸರೇನಪ್ಪ?" ಎಂದೆ.

ಅವನು ಟಿಕೆಟ್ ಮೆಷಿನ್ ಹಿಡಿದ ಕೈ ಇಳಿಸಿದ. "ತಿಪ್ಪೇಸ್ವಾಮಿ ಸಾ" ಎಂದ. ಆಮೇಲೆ, ಯಾವ ತಿಪ್ಪೇಸ್ವಾಮಿ ಎಂದು ನನಗೆ ತಿಳಿಯಲಾರದು ಎಂದುಕೊಂಡನೋ ಏನೋ, "ನಮ್ ತಾತನ ಹೆಸರು. ತಾತ ತೀರಿಕಂಡ ವರ್ಷನೇ ನಾನು ಹುಟ್ಟಿದ್ದು, ಹೆಸರು ನಿಲ್ಲಲಿ ಅಂತ ನನಗಿಟ್ರು" ಎಂದು ಸೇರಿಸಿದ.

ಪಕ್ಕದ ಸೀಟಿನಿಂದ ಚೀಲ ತೆಗೆದು ಜಾಗ ಮಾಡಿಕೊಟ್ಟೆ. "ಕೂತ್ಕೋ ತಿಪ್ಪೇಸ್ವಾಮಿ. ನಿಮ್ಮ ತಾತ ಏನು ಮಾಡ್ತಿದ್ರು ಹೇಳು" ಎಂದೆ. ಹೊಸದುರ್ಗ ಬರುವವರೆಗೆ ಅವನು ಹೇಳಿದ, ನಾನು ಕೇಳಿದೆ.